ಭಾವ ಕಂಡ ಮೀನುಬಂದರುಗಳು

ಮೀನಿನ ವಾಸನೆ ಬಂದರೆ ರಸ್ತೆಯನ್ನೇ ದಾಟಿ ಆಚೆ ಹೋಗುವ ನಮ್ಮ ಭಾವ, ಹಾಂಗ್‌ಕಾಂಗಿನ ಮೀನುಬಂದರುಗಳ ವಿಷಯದಲ್ಲಿ ಇಡೀ ಟೆಕ್ಸಸ್ಸಿಗೇ ದೊಡ್ಡ ಪಂಡಿತರು! ನಾವಿರುವ ಕಾಪೆಲ್ ಊರಿನ ನಮ್ಮ ಜನ ರಜೆ ಸಿಕ್ಕರೆ ಆಸ್ಟಿನ್ನಿಗೋ ಹ್ಯೂಸ್ಟನ್ನಿಗೋ ಕಾರು ತಿರುಗಿಸುತ್ತಾರೆ. ಭಾವ ವರ್ಷವಿಡೀ ರಜೆ ಕೂಡಿಟ್ಟು, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹಾಂಗ್‌ಕಾಂಗಿಗೆ ಹಾರುತ್ತಾರೆ. ನಗರ ನೋಡುತ್ತಾರೆಯೇ? ಇಲ್ಲ. ದಿನಕ್ಕೊಂದು ದೋಣಿ ಹತ್ತಿ ಸುತ್ತಲಿನ ದ್ವೀಪಗಳಿಗೆ ಹೋಗಿ, ಅಲ್ಲಿನ ಮೀನುಗಾರರಿಗೆ ಒಂದು ಫೋಟೊ ತೋರಿಸಿ ಮರಳುತ್ತಾರೆ.

ಫೋಟೊದಲ್ಲಿರುವುದು ಅವರ ತಮ್ಮ. ಸರಕಿನ ಹಡಗಿನಲ್ಲಿ ಎಂಜಿನಿಯರ್ ಆಗಿದ್ದ. ಆ ಕಡಲಿನಲ್ಲಿ ಒಂದು ಬೆಳಿಗ್ಗೆ ಹೆಸರು ಕರೆದಾಗ ಅವನಿರಲಿಲ್ಲ. ದೇಹ ಸಿಗಲಿಲ್ಲ. ನಮ್ಮಲ್ಲಿ ಹಾಗೆ ಕಾಣೆಯಾದವರಿಗಾಗಿ ಹನ್ನೆರಡು ವರ್ಷ ಕಾಯುತ್ತಾರೆ. ಆಮೇಲೆ ದರ್ಭೆಯಲ್ಲಿ ಮನುಷ್ಯನ ಆಕಾರ ಕಟ್ಟಿ, ಸುಟ್ಟು, ಕ್ರಿಯೆ ಮುಗಿಸುತ್ತಾರೆ. ಹನ್ನೆರಡು ಕಳೆದು ಹದಿಮೂರು ನಡೆಯುತ್ತಿತ್ತು. ಭಾವ ಮಾತ್ರ, "ಇನ್ನೂ ದ್ವೀಪ ಉಳದಾವ" ಎನ್ನುತ್ತಿದ್ದರು. ಆ ಸಮುದ್ರದಲ್ಲಿ ದ್ವೀಪಗಳಿಗೇನು ಬರವೇ!

ಆ ವರ್ಷ ಅಕ್ಕ ನನ್ನನ್ನೂ ಜೊತೆಗೆ ಅಟ್ಟಿದಳು. ಕಾವಲಿಗೆ! ನಾವು ಹೋದದ್ದು ಚೆಂಗ್ ಚೌ ದ್ವೀಪಕ್ಕೆ ಎಂದು ನನ್ನ ನೆನಪು. ಭಾವ ಲಾಮಾ ದ್ವೀಪ ಎನ್ನುತ್ತಾರೆ. ನನ್ನ ನೆನಪನ್ನು ನಾನೂ ಅಷ್ಟಾಗಿ ನಂಬುವುದಿಲ್ಲ. ಸುಡುಬಿಸಿಲು ಎಂದು ಬರೆಯಹೊರಟಿದ್ದೆ, ಫೋನಿನ ಚಿತ್ರದಲ್ಲಿ ನೋಡಿದರೆ ಇಬ್ಬರೂ ರೇನ್‌ಕೋಟ್ ತೊಟ್ಟಿದ್ದೇವೆ. ತಗಡಿನ ಮಾಡಿನ ಕೆಳಗೆ ಬಲೆ ಹೆಣೆಯುತ್ತಿದ್ದ ಮುದುಕನ ಮುಂದೆ ಭಾವ ಕುಕ್ಕರಗಾಲಲ್ಲಿ ಕೂತು, ಗಟ್ಟಿಯಾಗಿ ಕೇಳಿದರು: "ಅಜ್ಜಾರ, ಇಂವನ್ನ ಎಲ್ಲೆರ ನೋಡೀರೇನ್ರಿ?"

"ಕನ್ನಡದಾಗ ಕೇಳಿದ್ರ ಅವರಿಗೆ ಹ್ಯಾಂಗ ತಿಳೀತದ, ಭಾವ?"

"ಇಂಗ್ಲಿಷ್‌ನ್ಯಾಗ ಕೇಳಿದ್ರೂ ತಿಳಿಯೂದಿಲ್ಲ. ಕನ್ನಡದಾಗಾದ್ರ ನನಗರ ತಿಳೀತದ!"

ಮುದುಕ ಫೋಟೊವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಇಲ್ಲವೆಂದು ತಲೆಯಾಡಿಸಿದ. ಒಂದು ಪೊಟ್ಟಣ ಒಣಮೀನು ಕೊಟ್ಟ. ಜನಿವಾರದ ಭಾವ ಅದನ್ನು ತೊಡೆಯ ಮೇಲಿಟ್ಟುಕೊಂಡೇ ದೋಣಿಯಲ್ಲಿ ಮೂರು ಸಲ ವಾಂತಿ ಮಾಡಿಕೊಂಡರು.

"ಒಗೀರಿ ಭಾವ ಅದನ್ನ!"

"ಎರಡೂ ಕೈಲೆ ಹಿಡದು ನೋಡ್ಯಾನಲೋ."

ಟೆಕ್ಸಸ್ಸಿಗೆ ಮರಳುವ ಮುನ್ನ ಭಾವ ಬಂದರಿನ ಬಳಿಯ ಅಂಗಡಿಯೊಂದರಲ್ಲಿ ನನ್ನ ಮಗಳ ಹುಟ್ಟುಹಬ್ಬಕ್ಕೆಂದು ಕಾಗದದ ಅಂಗಿ, ಕಾಗದದ ಬೂಟು ಕೊಂಡರು. ಎಂಥ ಕುಸುರಿ! ಗುಂಡಿ, ಲೇಸು, ಎಲ್ಲವೂ ಕಾಗದವೇ. ಪಾರ್ಟಿಯಲ್ಲಿ ಮಗಳು "ಸೋ ಕ್ಯೂಟ್!" ಎಂದು ಕುಣಿದಳು. ಅವಳ ಗೆಳತಿಯ ಅಜ್ಜಿ ಹಾಂಗ್‌ಕಾಂಗಿನವರು. ಆಕೆ ಬಾಯಿಗೆ ಕೈ ಒತ್ತಿಕೊಂಡರು. ಮೊಮ್ಮಗಳು ಅಜ್ಜಿಯ ಮಾತನ್ನು ಇಂಗ್ಲಿಷಿಗೆ ತಂದಳು: ಇದು ಸತ್ತವರ ಬಟ್ಟೆ, ಸುಟ್ಟರೆ ಅವರಿಗೆ ಮುಟ್ಟುತ್ತದೆ. ನಿಮ್ಮ ಮನೆಯಲ್ಲಿ ಯಾರು ತೀರಿಕೊಂಡಿದ್ದಾರೆ?

ಕೇಕಿನ ಸುತ್ತ ನಿಂತವರೆಲ್ಲ ಭಾವನತ್ತ ತಿರುಗಿದರು. ನಾನು ನಕ್ಕೆನೋ ಏನೋ, ನಗದಿದ್ದರೆ ಒಳ್ಳೆಯದಿತ್ತು. ಭಾವ ಕಾಗದದ ಬೂಟಿನ ಲೇಸು ಸರಿಮಾಡತೊಡಗಿದರು.

ಎಲ್ಲರೂ ಹೋದ ಮೇಲೆ ಅಕ್ಕ ಮೆಲ್ಲಗೆ ಹೇಳಿದಳು: "ಇನ್ನರ ಕ್ರಿಯಾ ಮುಗಸ್ರಿ."

"ಅಂವಗ ಈಸು ಬರ್ತಿತ್ತು."

"ಬರ್ತಿತ್ತು. ಹದಿಮೂರು ವರ್ಷ ಯಾರೂ ಈಸೂದಿಲ್ರೀ."

ಭಾವ ತಲೆ ತಗ್ಗಿಸಿದರು. ಒಪ್ಪಿದಂತಾಯಿತು. ಆದರೆ ಸುಡುವುದೆಲ್ಲಿ? ಕಾಪೆಲ್‌ನ ಹಿತ್ತಿಲಲ್ಲಿ ಹೊಗೆಯೆದ್ದರೆ ಮಂತ್ರಕ್ಕೆ ಮೊದಲೇ ಫೈರ್ ಟ್ರಕ್ ಬರುತ್ತದೆ! ಬಾರ್ಬೆಕ್ಯೂ ಗ್ರಿಲ್ ಇದೆಯಲ್ಲ ಎಂದವನು ನಾನೇ ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ. ನನಗೆ ನೆನಪಿಲ್ಲ. ಅಂದಿದ್ದರೂ ಅಂದಿರಬಹುದು, ನಾನು ಅಂಥವನೇ. ಕೊನೆಗೆ ಮೆಕಿನ್ನಿ ಊರಿನಾಚೆ ಗೆಳೆಯರೊಬ್ಬರ ಬಯಲು ಜಾಗ ಸಿಕ್ಕಿತು.

ಪುರೋಹಿತರು ದರ್ಭೆಯ ಆಕಾರ ಕಟ್ಟಿ ನೆಲದ ಮೇಲೆ ಮಲಗಿಸಿದರು. ಮಂತ್ರಕ್ಕೆ ಮೊದಲು ಭಾವ ತಡೆದರು.

"ಗಿಡ್ಡ ಆಗ್ಯಾನ್ರಿ ಆಚಾರ್ಯರ."

"ಅಳತೆ ಮುಖ್ಯ ಅಲ್ಲ ಸಾರ್. ಇದು ಬರೀ ಸಂಕೇತ."

"ಅಂವ ನನಗಿಂತ ಎತ್ತರ ಇದ್ದ."

ಹಾಗೆಂದವರೇ ಪಂಚೆ ಸರಿಮಾಡಿಕೊಂಡು ಅದರ ಪಕ್ಕ ಅಂಗಾತ ಮಲಗಿದರು. ಹಿಮ್ಮಡಿಗೆ ಹಿಮ್ಮಡಿ ಸರಿಹೊಂದಿಸಿದರು. ಕೈಯನ್ನು ನೆತ್ತಿಯ ಮೇಲಿಟ್ಟು ತೋರಿಸಿದರು: "ಇಲ್ಲಿಗೆ ನಾ ಆದೆ. ಇದಕ್ಕಿಂತ ನಾಕ ಬೆರಳ ಮ್ಯಾಲೆ ನೋಡ್ರಿ, ಅಂವ."

ಪುರೋಹಿತರು ಮತ್ತೊಂದು ಹಿಡಿ ದರ್ಭೆ ಬಿಚ್ಚಿದರು. ಅವರು ಕಟ್ಟಿ ಮುಗಿಸುವವರೆಗೂ ಭಾವ ತಮ್ಮನ ಪಕ್ಕದಲ್ಲಿ ಮಲಗಿಯೇ ಇದ್ದರು.