ಕಾಲುವೆಯಲ್ಲಿ ನೀರಿಲ್ಲವೆಂದು ತೋರಿಸಲು ಹೋಗಿ

ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎನ್ನುವವರು ಅದನ್ನು ಒಂದು ದಿನವೂ ಹೆಗಲ ಮೇಲೆ ಹೊತ್ತವರಲ್ಲ. ಶಹಾಪುರದಲ್ಲಿ ನಾನು ವಿಡಿಯೋ ಅಂಗಡಿ ಇಟ್ಟಾಗಿನಿಂದ ಅದು ನನ್ನನ್ನು ಬೆಚ್ಚಿಬೀಳಿಸದ ತಿಂಗಳಿಲ್ಲ. ಶಾಲೆ ನನಗೆ ಮೂರನೇ ಕ್ಲಾಸಿಗೇ ಮುಗಿದಿತ್ತು. ಮುಂದಿನದನ್ನು ಕೈಗೆ ಸಿಕ್ಕ ಪುಸ್ತಕಗಳನ್ನು ಓದಿಯೇ ಕಲಿತೆ, ಸಿನಿಮಾ ತೆಗೆಯುವುದನ್ನೂ ಹಾಗೇ. “ಹೆಣ್ಮಗಳು ಕ್ಯಾಮೆರಾ ಹಿಡಿದ್ರ ಮದುವಿ ನಡೀತದೇನು?” ಎಂದವರ ಮನೆಯ ಮದುವೆಗಳನ್ನೇ ನಾನು ತೆಗೆದಿದ್ದೇನೆ. ಆದರೆ ಇಲ್ಲಿ ಹೇಳುವುದು ಮದುವೆಯದಲ್ಲ, ಕಾಲುವೆಯದು.

೧. ಕಷ್ಟ ದೊಡ್ಡದಾಗಿ ಕಾಣಬೇಕು

ಕೃಷ್ಣೆಯ ನೀರು ಕಾಲುವೆಗೆ ಬಂದು, ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿದ್ದ ಕಾಲ. ಮೇಲಿನವರ ಗದ್ದೆಗಳು ಕುಡಿದು ಉಳಿದ ನೀರು ಮಾತ್ರ ಕಾಲುವೆಯ ಕೊನೆಗೆ ಹೋಗಬೇಕು. ಉಳಿಯುತ್ತಲೇ ಇರಲಿಲ್ಲ. ಸುರಪುರದ ಕಡೆಯ ಒಂದು ಹಳ್ಳಿಯಿಂದ ನೀರಿನ ಸಂಘದ ಅಧ್ಯಕ್ಷರು ನನ್ನ ಅಂಗಡಿಗೆ ಬಂದರು. ಜೊತೆಗೆ ಒಬ್ಬ ಮುದುಕಿ. ಅವಳ ಮೆಣಸಿನಕಾಯಿ ಹೊಲ ಕಾಲುವೆಯ ಕಟ್ಟಕಡೆಗೆ.

“ಅಕ್ಕಾರ, ನೀರಾವರಿ ದೊಡ್ಡ ಸಾಹೇಬ್ರು ಊರಿಗಿ ಬರಾಕತ್ಯಾರ. ನೀರಿಲ್ಲಂತ ನಂಬಿದ್ರ ಹೆಚ್ಚಿಗಿ ನೀರು ಬಿಡ್ತಾರ. ಒಂದು ಸಿನಿಮಾ ತಗೀರಿ. ನಮ್ಮ ಕಷ್ಟ ದೊಡ್ಡದಾಗಿ ಕಾಣಬೇಕು ನೋಡ್ರಿ.”

ಮುದುಕಿ ಅಂದಳು: “ಹೂ ಉದರಾಕತ್ಯಾವ ಯವ್ವಾ. ಈಗ ನೀರು ಬಂದ್ರ ಗಿಡ, ಇಲ್ಲಂದ್ರ ಒಲಿಗಿ ಕಟಗಿ.”

ಕ್ಯಾಮೆರಾವನ್ನು ನೆಲಕ್ಕೆ ತಂದರೆ ಎದುರಿಗಿದ್ದದ್ದು ದೊಡ್ಡದಾಗಿ ಕಾಣುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಹಾಗಾದರೆ ಕಷ್ಟವೂ ದೊಡ್ಡದಾಗಲೇಬೇಕು. ಕಾಲುವೆಯ ತಳದಲ್ಲಿ ಹೊಟ್ಟೆಯ ಮೇಲೆ ಮಲಗಿದೆ. ಎಮ್ಮೆ ಹೊರಳಿ ಎದ್ದುಹೋದ ಒಂದು ತಗ್ಗಿನಲ್ಲಿ ಬೊಗಸೆಯಷ್ಟು ನೀರಿತ್ತು. ಅದರಾಚೆ ಮುದುಕಿಯನ್ನು ಕೂರಿಸಿ ತೆಗೆದೆ.

ಅಂಗಡಿಗೆ ಬಂದು ಅವರಿಬ್ಬರ ಎದುರಿಗೇ ಕ್ಯಾಸೆಟ್ ಹಾಕಿದೆ. ಆ ಬೊಗಸೆ ನೀರು ಟಿವಿಯ ಈ ಅಂಚಿನಿಂದ ಆ ಅಂಚಿನವರೆಗೆ ಹರಡಿಕೊಂಡು, ಆಕಾಶವನ್ನೆಲ್ಲ ತುಂಬಿಕೊಂಡು ಥಳಥಳ ಹೊಳೆಯುತ್ತಿತ್ತು.

ಅಧ್ಯಕ್ಷರು ಹಣೆ ಬಡಿದುಕೊಂಡರು. “ಏನ್ರೀ ಇದು? ತಿಂಥಣಿ ಹೊಳಿ ಕಂಡಂಗ ಕಾಣ್ತದಲ್ರೀ!”

ಮುದುಕಿ ಮಾತ್ರ ಟಿವಿಯ ಹತ್ತಿರ ಹೋಗಿ ತನ್ನನ್ನೇ ದಿಟ್ಟಿಸಿ ನೋಡಿದಳು. “ಅಲ್ಲ, ಇಷ್ಟು ನೀರಾಗ ನಾ ಮುಳುಗಲಾರದ ಹೆಂಗ ಕುಂತೀನಿ?”

೨. ಬಂಗಾರದ ಬಿಸಿಲು

ಸೋಲೊಪ್ಪುವ ಹೆಂಗಸಲ್ಲ ನಾನು. ಈ ಸಲ ಕಾಲುವೆ ಬಿಟ್ಟು ಮುದುಕಿಯ ಹೊಲಕ್ಕೇ ಹೋದೆ. ಎಲೆ ಮುದುಡಿದ ಗಿಡ, ಬುಡದಲ್ಲಿ ಉದುರಿದ ಹೂ, ಮೇಲೆ ಧೂಳು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಮದುವೆಯಲ್ಲಿ ಮದುಮಗಳನ್ನು ಸಂಜೆ ಬಿಸಿಲಿಗೆ ನಿಲ್ಲಿಸಿ ತೆಗೆಯುವುದು ನನ್ನ ರೂಢಿ, ಮುಖ ಕಳೆ ಕಟ್ಟುತ್ತದೆ. ಅದೇ ಹೊತ್ತಿಗೆ, ಸೂರ್ಯನನ್ನು ಗಿಡಗಳ ಹಿಂದೆ ಇಟ್ಟುಕೊಂಡು ತೆಗೆದೆ.

ಮರುದಿನ ಅಂಗಡಿಯಲ್ಲಿ ಮುದುಕಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಹಾಕಿ ನೋಡಿದರೆ, ಶಿವನೇ! ಒಣಗಿದ ಎಲೆಗಳ ಅಂಚಿಗೆಲ್ಲ ಬಂಗಾರ. ಧೂಳು ಚಳಿಗಾಲದ ಮಂಜಿನ ಹಾಗೆ ತೇಲುತ್ತಿತ್ತು. ಹರಿದ ಸೀರೆಯ ಮುದುಕಿ ಜರತಾರಿ ಉಟ್ಟ ಗೌಡತಿಯ ಹಾಗೆ ಬದುವಿನ ಮೇಲೆ ನಿಂತಿದ್ದಳು. ಎಷ್ಟು ಚೆಂದ ಬಂದಿತ್ತೆಂದರೆ ನನಗೇ ಅಳು ಬಂತು.

ಅದೇ ಹೊತ್ತಿಗೆ ಮೆಣಸಿನಕಾಯಿ ವ್ಯಾಪಾರಿಯೊಬ್ಬ ಮಗಳ ಮದುವೆಯ ಕ್ಯಾಸೆಟ್ ಒಯ್ಯಲು ಬಂದ. ಟಿವಿ ನೋಡುತ್ತ ನಿಂತವನು ಮುದುಕಿಯ ಕಡೆ ತಿರುಗಿದ.

“ಬೆಳಿ ಭಾರಿ ಬಂದಾದಲ್ಲ ಅವ್ವಾ! ಏನ್ ಗೊಬ್ಬರ ಹಾಕೀದಿ? ಕಾಯಿ ಹರಿಯೋ ಮುಂದ ನನಗ ಹೇಳು, ಎಲ್ಲಾ ನಾನೇ ತಗೋತೀನಿ.”

“ಈಗೇ ಹರಕೋ ಯಪ್ಪಾ,” ಅಂದಳು ಮುದುಕಿ. “ಆ ಬೆಳಿ ಈ ಪೆಟ್ಟಿಗಿ ಒಳಗ ಅದ. ನನ್ನ ಹೊಲದಾಗಂತೂ ಇಲ್ಲ.”

೩. ಬೇವಿನ ಮರ

ಇನ್ನು ಪುಸ್ತಕ ಮುಚ್ಚಿಟ್ಟು ನಾನೇ ಯೋಚಿಸಿದೆ. ಕೆಳಗಿನಿಂದ ತೆಗೆದರೆ ನೀರು ಬೆಳೆಯುತ್ತದೆ, ಮೇಲಿನಿಂದ ತೆಗೆದರೆ ನೆಲ ಕಾಣುತ್ತದೆ. ಸಂಜೆ ಬಿಸಿಲು ಮುಚ್ಚಿಡುತ್ತದೆ, ನಡುಮಧ್ಯಾಹ್ನದ ಬಿಸಿಲು ಏನನ್ನೂ ಬಿಡುವುದಿಲ್ಲ. ಕಾಲುವೆ ತಿರುಗುವಲ್ಲಿ ಒಂದು ಬೇವಿನ ಮರವಿತ್ತು. ಸೆರಗು ಬಿಗಿದು ಹತ್ತಿದೆ.

ಅಧ್ಯಕ್ಷರು ಕೆಳಗಿನಿಂದ ಕೈ ಮುಗಿದರು. “ಅಕ್ಕಾರ, ಇಳೀರಿ! ಹೆಣ್ಮಕ್ಕಳು ಗಿಡ ಏರಿದ್ರ ಮಂದಿ ಏನಂದಾರು?”

“ನೀವು ಗಿಡದ ಕಡಿ ನೋಡಬ್ಯಾಡ್ರಿ, ಕಾಲುವ್ಯಾಗ ನಿಂತು ಅಳ್ರಿ,” ಅಂದೆ.

ಅತ್ತರು. ಬಿರುಕುಬಿಟ್ಟ ತಳದಲ್ಲಿ ಒಂಟಿಯಾಗಿ ನಿಂತು, ಟವೆಲ್‌ನಿಂದ ಕಣ್ಣೊರೆಸಿಕೊಂಡು, “ಸಾಹೇಬ್ರ, ಒಂದು ಹನಿ ನೀರಿಲ್ರೀ!” ಎಂದು ಎಷ್ಟು ಚೆನ್ನಾಗಿ ಅತ್ತರೆಂದರೆ, ನಾನು ಕೊಂಬೆ ಬಿಟ್ಟು ಬೀಳುವುದರಲ್ಲಿದ್ದೆ. ಇಂಥ ಪಾತ್ರಧಾರಿ ನಮ್ಮ ಸೀಮೆಯಲ್ಲೇ ಇದ್ದದ್ದು ನನಗೆ ಗೊತ್ತಿರಲಿಲ್ಲ.

೪. ಮೈಕು

ಮರುದಿನ ಬೆಳಿಗ್ಗೆ ಸಾಹೇಬರು ಬಂದರು. ಶಾಲೆಯ ಕೋಣೆಯ ಬಾಗಿಲು, ಕಿಟಕಿ ಮುಚ್ಚಿ ಟಿವಿ ಹಚ್ಚಿದೆ. ಸಾಹೇಬರ ಪಕ್ಕ ಅಧ್ಯಕ್ಷರು, ಗೋಡೆಗೆ ಹೆಣ್ಣುಮಕ್ಕಳು, ಅವರಲ್ಲಿ ಮುದುಕಿ, ಅಧ್ಯಕ್ಷರ ಹೆಂಡತಿ.

ಚಿತ್ರ ಅದ್ಭುತ. ಒಡೆದ ನೆಲ, ಉರಿಬಿಸಿಲು, ನಡುವೆ ಇರುವೆಯಷ್ಟು ಚಿಕ್ಕ ಮನುಷ್ಯ. ಸಾಹೇಬರು ನಿಟ್ಟುಸಿರು ಬಿಟ್ಟರು. ಆದರೆ ಅಧ್ಯಕ್ಷರ ಅಳುವಿನ ಹಿಂದೆ ಏನೋ ಬಡಿಯುತ್ತಿತ್ತು. ಡುಗ್ ಡುಗ್ ಡುಗ್, ಖೊಕ್. ಡುಗ್ ಡುಗ್ ಡುಗ್, ಖೊಕ್. ಹೊಲದಲ್ಲಿ ನಿಂತವರ ಕಿವಿ ತನಗೆ ಬೇಡದ್ದನ್ನು ಬಿಟ್ಟುಬಿಡುತ್ತದೆ. ಮೈಕಿಗೆ ಆ ಮರ್ಯಾದೆ ಇಲ್ಲ. ಮರದ ಮೇಲೆ ಗಾಳಿ ತಂದುಕೊಟ್ಟದ್ದನ್ನೆಲ್ಲ ಅದು ತುಂಬಿಕೊಂಡಿತ್ತು.

ಅಧ್ಯಕ್ಷರ ಹೆಂಡತಿ ಮುಖ ಅರಳಿಸಿ ಎದ್ದು ನಿಂತರು. “ಅಯ್ಯ, ನಮ್ಮ ಎಂಜಿನ್ರೀ! ಟಿವ್ಯಾಗ ನಮ್ಮ ಎಂಜಿನ್ ಬಂತು! ಸಾಹೇಬ್ರ, ಆ ಕೆಮ್ಮೋದು ಕೇಳ್ರಿ, ಊರಾಗ ಮತ್ತ್ಯಾರದೂ ಹಂಗ ಕೆಮ್ಮಂಗಿಲ್ಲ.”

“ಎಲ್ಲಿ ಅದ ನಿಮ್ಮ ಎಂಜಿನ್?” ಸಾಹೇಬರು ಕೇಳಿದರು.

“ಕಾಲುವಿಗೇ ಹಚ್ಚೇವಲ್ರೀ, ಆ ಬೇವಿನ ಗಿಡದ ತಿರುವು ದಾಟಿ ಮ್ಯಾಲಿನ ಕಡಿ. ಹಗಲೆಲ್ಲ ನೀರು ಎತ್ತತದ, ಒಂದು ಗಳಿಗಿ ನಿಲ್ಲಂಗಿಲ್ಲ!”

ಸಾಹೇಬರು ಅಧ್ಯಕ್ಷರ ಕಡೆ ತಿರುಗಿದರು. ಕಾಲುವೆಗೆ ಎಂಜಿನ್ ಹಚ್ಚಬಾರದೆಂದು ಮನೆಮನೆಗೆ ಹೋಗಿ ಹೇಳಿದವರು ಇದೇ ಅಧ್ಯಕ್ಷರು. ಟಿವಿಯಲ್ಲಿ ಅವರು ಇನ್ನೂ ಅಳುತ್ತಲೇ ಇದ್ದರು.

ಕುರ್ಚಿಯಲ್ಲಿದ್ದ ಅಧ್ಯಕ್ಷರು ಜಿಗಿದೆದ್ದರು. “ಸುಳ್ಳ್ರೀ ಸಾಹೇಬ್ರ! ಅದು ಅಕ್ಕಾರು ಹಾಕಿದ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ರೀ!”

ಎಲ್ಲರೂ ನನ್ನ ಕಡೆ ನೋಡಿದರು. “ನಾ ಹಾಕಿದ್ರ ಶಹನಾಯಿ ಹಾಕ್ತಿದ್ದೆ,” ಅಂದೆ.

ಮುದುಕಿ ನಿಧಾನವಾಗಿ ಎದ್ದಳು. “ಮ್ಯೂಸಿಕ್ಕೇ ಇರಲಿ ಬಿಡ್ರಿ ಯಪ್ಪಾ. ಒಮ್ಮಿ ಬಂದ್ ಮಾಡಿಸಿ ನೋಡ್ರಿ, ನೀರು ಬಂದ್ರೂ ಬಂದೀತು.”

ಬಂದ್ ಮಾಡಿಸಿದರು. ಸಂಜೆಯೊಳಗೆ ಅವಳ ಗಿಡಗಳ ಬುಡಕ್ಕೆ ನೀರು ಬಂತು.

ಇದೆಲ್ಲ ಮುಗಿಯಿತೆಂದು ನಾನು ಉಸಿರು ಬಿಡುವಷ್ಟರಲ್ಲಿ ಅಧ್ಯಕ್ಷರ ಹೆಂಡತಿ ಅಂಗಡಿಗೆ ಬಂದರು. ಜಗಳಕ್ಕೇ ಬಂದಿದ್ದಾರೆಂದು ಕ್ಯಾಮೆರಾವನ್ನು ಮೇಜಿನ ಕೆಳಗೆ ಸರಿಸಿದೆ. ಅವರು ಸೆರಗಿನಿಂದ ಮೂಗು ಒರೆಸಿಕೊಂಡರು.

“ಅಕ್ಕಾರ, ಆ ಕ್ಯಾಸೆಟ್ಟು ನಮಗೊಂದು ಮಾಡಿಕೊಡ್ರಿ. ಎಂಜಿನ್ನಂತೂ ಜಪ್ತಿ ಆತು. ಅದರ ದನಿಯಾದ್ರೂ ಮನ್ಯಾಗ ಇರಲಿ.”