ಏಳನೆಯ ಕಾಲಂ ಮತ್ತು ಚಿಕ್ಕತಾಯಮ್ಮನ ಸುಣ್ಣದ ಡಬ್ಬಿ

ಹದಿನೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಹೇಳಿದ ನನಗೆ ಉತ್ತಮ ವಿಜ್ಞಾನ ಶಿಕ್ಷಕ ಪ್ರಶಸ್ತಿ ಬರುವುದರಲ್ಲಿ ಯಾವ ಅನುಮಾನವೂ ಇರಲಿಲ್ಲ. ಅರ್ಜಿ ತುಂಬುವುದಷ್ಟೇ ಬಾಕಿ. ಆರು ಕಾಲಂ ಸರಾಗವಾಗಿ ತುಂಬಿದೆ. ಏಳನೆಯದರಲ್ಲಿ ಪೆನ್ನು ನಿಂತಿತು. 'ಶಿಕ್ಷಕರಾಗಿ ತಮ್ಮ ಸ್ಫೂರ್ತಿ ಯಾರು ಅಥವಾ ಏನು?'

ಹೆಂಡತಿ ಸುಧಾಳನ್ನು ಕೇಳಿದೆ. ಗುಂಡ್ಲುಪೇಟೆ ಕಡೆಯ ಅರಿಶಿನ ಬೆಳೆಗಾರರ ಮಗಳು. ಮಾತು ನೇರ.

"ಡಾಕ್ಟ್ರು ಸೀಟು ಸಿಕ್ನಿಲ್ಲ, ಅದ್ಕೆ ಮೇಷ್ಟ್ರಾದೆ ಅಂತ ಬರೀರಿ."

ಅದು ನಿಜವೇ. ಆದರೆ ಅರ್ಜಿ ಫಾರಂ ನಿಜ ಬರೆಯುವ ಜಾಗವೇ? 'ಬಾಲ್ಯದಲ್ಲಿ ಗೋಪಾಲಸ್ವಾಮಿ ಬೆಟ್ಟದ ಮಂಜನ್ನು ಕಂಡು ಪ್ರಕೃತಿಯ ರಹಸ್ಯ ಭೇದಿಸುವ ಹಂಬಲ ಹುಟ್ಟಿತು' ಎಂದು ಬರೆದೆ. ಆ ಮಂಜಿನಲ್ಲಿ ನನಗೆ ಹುಟ್ಟಿದ್ದು ಬರೀ ನೆಗಡಿ!

ಚಾಮರಾಜನಗರದಿಂದ ಆಯ್ಕೆ ಸಮಿತಿಯ ಸಾಹೇಬರು ನನ್ನ ಪಾಠ ನೋಡಲು ಬರುತ್ತಾರೆಂದು ತಿಳಿಯಿತು. ಆಮ್ಲ, ಪ್ರತ್ಯಾಮ್ಲದ ಪಾಠ ಆರಿಸಿಕೊಂಡೆ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಇಡೀ ತರಗತಿ ಬೆರಗಾಗಬೇಕು! ಮಾವನ ಮನೆಯ ಅರಿಶಿನವನ್ನೇ ಪೊಟ್ಟಣ ಕಟ್ಟಿಕೊಂಡು ಹೊರಟೆ.

ಅಂದು ಬೆಳಿಗ್ಗೆ ಬಿಸಿಯೂಟದ ಅಡುಗೆಮನೆಯಲ್ಲಿ ಗುಟ್ಟಾಗಿ ತಾಲೀಮು ಮಾಡಿದೆ. ತಟ್ಟೆಯಲ್ಲಿ ನೀರು ಕೆಂಪಾಯಿತು. ನೋಡಿ ಬಹಳ ಖುಷಿಯಾಯಿತು. ತಟ್ಟೆಯನ್ನೂ ಸುಣ್ಣದ ಪುಡಿಯ ಡಬ್ಬಿಯನ್ನೂ ಕಟ್ಟೆಯ ಮೇಲಿಟ್ಟು ತಲೆ ಬಾಚಲು ಹೋದೆ.

ಬಾಚಿ ಬರುವಷ್ಟರಲ್ಲಿ ಗೇಟಿನ ಮುಂದೆ ಜೀಪು ನಿಂತಿತ್ತು. ನಮ್ಮ ಅಡುಗೆಯ ಚಿಕ್ಕತಾಯಮ್ಮ ನನ್ನ ಪ್ರಯೋಗವನ್ನು ಸಾಹೇಬರ ಮುಖದ ಮುಂದೆ ಮೂರು ಸುತ್ತು ಸುತ್ತಿ, ಹಣೆಗೆ ಬೊಟ್ಟಿಟ್ಟು, ಉಳಿದದ್ದನ್ನು ನೆಲಕ್ಕೆ ಚೆಲ್ಲುತ್ತಿದ್ದರು!

"ಏನ್ ಮಾಡ್ಬುಟ್ರಿ ಚಿಕ್ಕತಾಯಮ್ಮ!"

"ಆರತಿ ನೀರ ನೀವೇ ಕಲಸಿ ಮಡಗಿದ್ರಲ್ಲ ಮೇಷ್ಟ್ರೇ. ಗಂಡಸಾದ್ರೂ ಎಷ್ಟು ಪಸಂದಾಗಿ ಕಲಸವ್ರೆ ಅಂದ್ಕಂಡೆ."

ನಾನು ಧೃತಿಗೆಡಲಿಲ್ಲ. ಅಡುಗೆಮನೆಗೆ ಓಡಿ, ಕೈಗೆ ಸಿಕ್ಕ ಡಬ್ಬಿ ಎತ್ತಿಕೊಂಡು ತರಗತಿಗೆ ನುಗ್ಗಿದೆ. ಎರಡು ಗಾಜಿನ ಲೋಟಗಳಲ್ಲಿ ಹೊಸದಾಗಿ ಅರಿಶಿನ ಕಲಸಿದೆ.

"ಮಕ್ಕಳೇ, ನೀವು ಜನ್ಮದಲ್ಲೇ ಕಂಡಿರದ ಅದ್ಭುತವೊಂದು ಈಗ ನಡೆಯಲಿದೆ."

ಆ ಅದ್ಭುತ ಸಾಹೇಬರ ಹಣೆಯ ಮೇಲೆ ಆಗಲೇ ಒಣಗುತ್ತಿತ್ತು.

ಒಂದು ಲೋಟಕ್ಕೆ ಒಂದು ಚಮಚ ಬಿಳಿ ಪುಡಿ ಹಾಕಿದೆ. ಹಳದಿ. ಎರಡು ಚಮಚ. ಹಳದಿ. ಡಬ್ಬಿಯನ್ನೇ ಬಗ್ಗಿಸಿದೆ. ಬೋಂಡದ ಹಿಟ್ಟು ಸಿದ್ಧವಾಯಿತು!

"ಅದು ಅಕ್ಕಿಹಿಟ್ಟು ಕಣ್ ಮೇಷ್ಟ್ರೇ!" ಬಾಗಿಲಲ್ಲಿ ಚಿಕ್ಕತಾಯಮ್ಮ. ನೇರ ಒಳಗೆ ಬಂದು, ಸೊಂಟದ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಇನ್ನೊಂದು ಲೋಟಕ್ಕೆ ಒಂದು ಬೆರಳಷ್ಟು ಕದಡಿದರು. ಕೆಂಪು! ಸಾರಿಗೆಂದು ನೆನೆಸಿದ್ದ ಹುಣಸೆಹುಳಿ ತರಿಸಿ ಸುರಿದರು. ಮತ್ತೆ ಹಳದಿ!

"ಸುಣ್ಣುಕ್ಕೂ ಉಳೀಗೂ ಆಗ್‌ಬರಕಿಲ್ಲ ಕಣ್ ಮಕ್ಳೇ. ಒಂದು ಜಾಸ್ತಿ ಆದ್ರೆ ಇನ್ನೊಂದು ಸುಮ್ಕಾಯ್ತದೆ. ಅಷ್ಟೇಯ."

ಮಕ್ಕಳು ಬೆಂಚು ಬಿಟ್ಟು ಎದ್ದು ಬಂದು ಮೇಜಿಗೆ ಮುತ್ತಿಕೊಂಡರು. ನನಗೊಂದು ಸಲ, ನನಗೊಂದು ಸಲ ಎಂದು ಕೈ ಚಾಚಿದರು. ನನ್ನ ಪಾಠಕ್ಕೆ ಹೀಗೆ ಒಬ್ಬರೂ ಎದ್ದು ಬಂದಿರಲಿಲ್ಲ. ಗಂಟೆ ಹೊಡೆದಾಗ ಮಾತ್ರ ಏಳುತ್ತಿದ್ದರು. ನಿಜ ಹೇಳುತ್ತೇನೆ, ಹೊಟ್ಟೆ ಉರಿಯಿತು. ಆಮೇಲೆ ನಾಚಿಕೆಯಾಯಿತು. ಆಮೇಲೆ ನನಗೂ ಒಂದು ಸಲ ಸುಣ್ಣ ಕದಡಬೇಕೆನಿಸಿತು.

ಸಾಹೇಬರು ಮುಂದೆ ನಿಂತಿದ್ದ ಹುಡುಗಿಯನ್ನು ಕೇಳಿದರು, "ಯಾಕಮ್ಮ ಹೀಗಾಯ್ತು?"

"ಸುಣ್ಣ ಪ್ರತ್ಯಾಮ್ಲ, ಉಣಸೆಉಳಿ ಆಮ್ಲ ಸಾ."

"ಭೇಷ್! ಯಾರು ಹೇಳಿಕೊಟ್ಟಿದ್ದು?"

ನಾನು ಎದೆ ಉಬ್ಬಿಸಿದೆ.

"ಆಮ್ಲ, ಪ್ರತ್ಯಾಮ್ಲ ಅಂತ ಎಸ್ರು ಮೇಷ್ಟ್ರು ಏಳ್ಕೊಟ್ರು ಸಾ. ಅರ್ಥ ಆಗಿದ್ದು ಇವಾಗ್ಲೇ."

ಎದೆ ಇಳಿಯಿತು.

ಸಾಹೇಬರು ಹೊರಡುವ ಮುಂಚೆ, ಅವರ ಫೈಲಿನಲ್ಲಿದ್ದ ನನ್ನ ಅರ್ಜಿ ವಾಪಸು ಕೇಳಿ ಪಡೆದೆ. ಏಳನೆಯ ಕಾಲಮ್ಮಿನ ಮಂಜನ್ನು ಹೊಡೆದುಹಾಕಿ, 'ಚಿಕ್ಕತಾಯಮ್ಮ, ಬಿಸಿಯೂಟದ ಅಡುಗೆಯವರು' ಎಂದು ಬರೆದೆ. ಇಡೀ ಅರ್ಜಿಯಲ್ಲಿ ನನ್ನ ಹೆಸರು ಬಿಟ್ಟರೆ ಅದೊಂದೇ ನಿಜ.

ಪ್ರಶಸ್ತಿ ಬೇರೆ ತಾಲ್ಲೂಕಿಗೆ ಹೋಯಿತು. ಆದರೆ ಸಾಹೇಬರು ಸಂದರ್ಶಕರ ಪುಸ್ತಕದಲ್ಲಿ ಬರೆದ ಎರಡು ಸಾಲು ಶಾಲೆಯಲ್ಲಿ ಇಂದಿಗೂ ಇವೆ:

'ಈ ಶಾಲೆಯಲ್ಲಿ ವಿಜ್ಞಾನ ಬೋಧನೆ ಅತ್ಯುತ್ತಮವಾಗಿದೆ. ಬೋಧನೆಯ ವೇಳೆ ವಿಜ್ಞಾನ ಶಿಕ್ಷಕರೂ ಹಾಜರಿದ್ದರು.'