ಡೈನೋಸಾರ್ ಬಾಲದ ಡೊಂಕು

ವಿಜ್ಞಾನದ ವಿಷಯದಲ್ಲಿ ನಾನು ಯಾರ ಮುಲಾಜಿಗೂ ಬೀಳುವವನಲ್ಲ. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾಗಿದ್ದೇನೆ. ನಿವೃತ್ತನಾದದ್ದು ನಾನು ಮಾತ್ರ. ನನ್ನ ಅಂಗಿ ಜೇಬಿನ ಕೆಂಪು ಪೆನ್ನು ಇನ್ನೂ ಸೇವೆಯಲ್ಲಿದೆ. ಲಗ್ನಪತ್ರಿಕೆ ಬಂದರೆ ಮುಹೂರ್ತ ನೋಡುವ ಮೊದಲು ಅಕ್ಷರದೋಷ ನೋಡುತ್ತೇನೆ, ಗುರುತು ಹಾಕುತ್ತೇನೆ, ಕೊಟ್ಟವರಿಗೇ ತೋರಿಸುತ್ತೇನೆ. ಹೀಗಾಗಿ ದಾವಣಗೆರೆಯ ವಿದ್ಯಾನಗರದ ನಮ್ಮ ರಸ್ತೆಯಲ್ಲಿ ಜನ ನನಗೆ ಪತ್ರಿಕೆ ಕೊಡುವುದನ್ನು ಬಿಟ್ಟು ಬಾಯಲ್ಲೇ ಕರೆದು ಹೋಗುತ್ತಾರೆ. ಅದನ್ನು ನಾನು ಗೌರವವೆಂದೇ ತಿಳಿದಿದ್ದೆ.

ಇಂಥ ನನ್ನನ್ನು ನಾಲ್ಕೂ ಮುಕ್ಕಾಲು ವರ್ಷದ ವ್ಯಕ್ತಿಯೊಬ್ಬಳು ಬಹಿಷ್ಕರಿಸಿದಳು. ಆಕೆ ನನ್ನ ಮೊಮ್ಮಗಳು ಸಿರಿ.

ನನ್ನ ಮಗಳು ವೀಣಾಳನ್ನು ಹರಿಹರದ ಅಕ್ಕಿ ವ್ಯಾಪಾರಸ್ಥರ ಮನೆಗೆ ಕೊಟ್ಟಿದ್ದೇವೆ. ವಾರಕ್ಕೊಮ್ಮೆ ಮಗುವನ್ನು ಕರೆದುಕೊಂಡು ಬರುತ್ತಾಳೆ. ಸಿರಿಗೆ ಫೋನಿನಲ್ಲಿ ಒಂದು ಹಳೆಯ ಕಾರ್ಟೂನಿನ ಹುಚ್ಚು. ಬಣ್ಣವಿಲ್ಲ, ಮಾತಿಲ್ಲ, ನಮ್ಮ ತಾತನ ಕಾಲದ್ದು. ಉದ್ದ ಕುತ್ತಿಗೆಯ ಒಂದು ಡೈನೋಸಾರ್ ಬಾಲವನ್ನು ನೆಲದ ಮೇಲೆ ಎಳೆದುಕೊಂಡು ಬರುತ್ತದೆ. ಗುಹೆಯಲ್ಲಿ ವಾಸಿಸುವ ಮಕ್ಕಳು ಅದರ ಬೆನ್ನ ಮೇಲೆ ಹತ್ತಿ, ಬಾಲದ ಮೇಲಿಂದ ಜಾರಿ ಇಳಿಯುತ್ತಾರೆ. ಕಥೆ ಅಷ್ಟೇ. ಮಕ್ಕಳು ಜಾರಿದಾಗಲೆಲ್ಲ ಸಿರಿ ಚಪ್ಪಾಳೆ ತಟ್ಟುತ್ತಾಳೆ. ಅವಳು ಚಪ್ಪಾಳೆ ತಟ್ಟುವ ಮುನ್ನವೇ ನಾನು ಫೋನಿನ ಮೇಲೆ ಬೆರಳೊತ್ತಿ ಚಿತ್ರ ನಿಲ್ಲಿಸುತ್ತಿದ್ದೆ.

“ನೋಡವ್ವಾ, ಡೈನೋಸಾರ್ ಎಲ್ಲಾ ಸತ್ತು ಆರು ಕೋಟಿ ವರ್ಷ ಆದಮ್ಯಾಲೆ ಮನುಷ್ಯ ಬಂದಿದ್ದು. ಈ ಹುಡುಗ್ರು ಅದರ ಮ್ಯಾಲೆ ಹೆಂಗೆ ಕೂಡ್ತಾರೆ? ತಪ್ಪು. ಎರಡ್ನೇದು, ಬಾಲ. ಡೈನೋಸಾರ್ ಬಾಲ ನೆಲಕ್ಕ ಎಳಕಂಡು ಹೋಗ್ತಿರಲಿಲ್ಲ. ಹಿಂಗೆ, ಮ್ಯಾಲೆ ಎತ್ಕಂಡು ನಡೀತಿತ್ತು.”

ಎದ್ದು ನಡೆದೂ ತೋರಿಸುತ್ತಿದ್ದೆ. ಮೂರನೆಯ ವಾರ ಸಿರಿ ಫೋನನ್ನು ಲಂಗದ ಕೆಳಗೆ ಮುಚ್ಚಿಕೊಂಡು ಹೇಳಿದಳು: “ಅಜ್ಜ ಬ್ಯಾಡ. ಅಜ್ಜಿ ಬರ್ಲಿ.”

ನನ್ನ ಹೆಂಡತಿ ಶಾಂತಾ ಹೋಗಿ ಪಕ್ಕದಲ್ಲಿ ಕೂತಳು. ಕೂತ ಎರಡೇ ನಿಮಿಷಕ್ಕೆ ತೂಕಡಿಸತೊಡಗಿದಳು. ವಿಜ್ಞಾನಕ್ಕೆ ಅವಳ ಕೊಡುಗೆ ಅಷ್ಟೇ. ಆದರೂ ಆ ಜಾಗ ಅವಳದಾಯಿತು. ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತು ಚಪ್ಪಾಳೆ ಕೇಳಿಸಿಕೊಂಡೆ. ಸುಳ್ಳು ಹೇಳುವುದಿಲ್ಲ, ಬಹಳ ನೋವಾಯಿತು.

ಆದ್ದರಿಂದ ಸಿರಿಯ ಐದನೇ ವರ್ಷದ ಹುಟ್ಟುಹಬ್ಬದ ತಯಾರಿಗೆ ವೀಣಾ ಫೋನ್ ಮಾಡಿದಾಗ ನನಗೆ ದಾರಿ ಸಿಕ್ಕಂತಾಯಿತು.

“ಅಪ್ಪಾಜಿ, ಸಿರಿ ಅದೇ ಡೈನೋಸಾರ್ ಬೇಕು ಅಂತ ಹಟ ಹಿಡಿದಾಳೆ. ಕರೂರಿನಾಗ ಥರ್ಮೊಕೋಲ್ ಕೆಲಸ ಮಾಡೋರು ಇದಾರಲ್ಲ, ಅವ್ರಿಗೆ ಹೇಳಿ ಮಾಡಿಸ್ಕಂಡು ಬರ್ರಿ. ಕಾರ್ಟೂನಿನಾಗ ಇದ್ದಂಗೇ ಇರ್ಬೇಕು. ನೀವು ಏನೂ ತಿದ್ದಬ್ಯಾಡ್ರಿ.”

“ಇಲ್ಲಮ್ಮ, ನಾನ್ಯಾಕ ತಿದ್ದಲಿ” ಎಂದೆ. ಎಂದಾಗ ನನ್ನ ಕೈ ಜೇಬಿನ ಪೆನ್ನಿನ ಮೇಲಿತ್ತು.

ನಮ್ಮ ಊರಂಚಿನ ಕರೂರು ಕೈಗಾರಿಕಾ ಪ್ರದೇಶದ ಶೆಡ್ಡೊಂದರಲ್ಲಿ ಮಂಜಣ್ಣ ಎಂಬ ಕಲಾವಿದನಿದ್ದಾನೆ. ಮದುವೆಗಳಿಗೆ ಚಪ್ಪರ, ಥರ್ಮೊಕೋಲಿನ ಮಂಟಪ, ಆನೆ, ನವಿಲು ಮಾಡುವವನು. ನಾನು ತೋರಿಸಿದ ಕಾರ್ಟೂನನ್ನು ಒಂದೇ ಸಲ ನೋಡಿ, ನಾಲ್ಕು ದಿನದಲ್ಲಿ ಎದೆಯೆತ್ತರದ ಡೈನೋಸಾರ್ ನಿಲ್ಲಿಸಿದ. ಅದೇ ಕುತ್ತಿಗೆ, ಅದೇ ಪೆದ್ದು ನಗೆ, ನೆಲದ ಮೇಲೆ ಆರಾಮಾಗಿ ಮಲಗಿದ ಅದೇ ಬಾಲ. ಅದನ್ನು ಹಾಗೇ ತಂದುಬಿಟ್ಟಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ.

“ಮಂಜಣ್ಣ, ಬಾಲ ಎತ್ತಬೇಕು” ಎಂದೆ.

“ಯಾಕ್ರಿ ಸಾರ್? ಅದ್ರಾಗ ಹಿಂಗೇ ಐತಲ್ರಿ.”

“ಅದ್ರಾಗ ತಪ್ಪೈತೆ.”

ಮಂಜಣ್ಣ ಬಾಲದೊಳಗೆ ಕಬ್ಬಿಣದ ಸರಳು ತೂರಿಸಿದ. ಬಾಲ ಎದ್ದಿತು. ಡೈನೋಸಾರ್ ಕೂತಿತು! ಸರಳಿನ ಭಾರಕ್ಕೆ ಮುಂಗಾಲು ಮೇಲೆತ್ತಿ, ನಾಯಿ ಕೂತಂತೆ ಹಿಂದಕ್ಕೆ ಕೂತುಬಿಟ್ಟಿತು. ಅದಕ್ಕೆ ಎದೆಯೊಳಗೆ ಎರಡು ಇಟ್ಟಿಗೆ ಕಟ್ಟಿದೆವು. ಈಗ ನಿಂತಿತು. ಮೊದಲು ಒಬ್ಬ ಎತ್ತುತ್ತಿದ್ದುದನ್ನು ಈಗ ಮೂವರು ಎತ್ತಬೇಕಾಯಿತು.

ಅಷ್ಟಕ್ಕೆ ಸುಮ್ಮನಾಗಬೇಕಿತ್ತು. ಆದರೆ ಅಂದು ಸಂಜೆ ಫೋನಿನಲ್ಲಿ ಡೈನೋಸಾರ್ ಬಗ್ಗೆ ಒಂದು ವಿಡಿಯೊ ಸಿಕ್ಕಿತು. ಹತ್ತು ನಿಮಿಷದ್ದು. ಮೂರು ನಿಮಿಷ ನೋಡುವಷ್ಟರಲ್ಲಿ ನಾನು ಎದ್ದು ನಿಂತಿದ್ದೆ. ಡೈನೋಸಾರ್‌ಗಳಿಗೆ ಗರಿಗಳಿದ್ದವಂತೆ! ಹಳೆಯ ಕಾರ್ಟೂನುಗಳು ಅವನ್ನು ಬೋಳು ಹಲ್ಲಿಯಂತೆ ಬರೆದದ್ದೇ ದೊಡ್ಡ ತಪ್ಪಂತೆ. ಉಳಿದ ಏಳು ನಿಮಿಷ ಯಾರಿಗೆ ಬೇಕು? ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆಯುವ ಹುಡುಗರ ಕಿವಿ ಹಿಂಡುತ್ತಿದ್ದವನು ನಾನೇ. ಮಂಜಣ್ಣನಿಗೆ ಫೋನ್ ಮಾಡಿದೆ.

“ಮಂಜಣ್ಣ, ಅದಕ್ಕೆ ಮೈತುಂಬ ಗರಿ ಹಾಕು.”

“ಗರಿ ಏನ್ರಿ ಸಾರ್?”

“ಹೂಂ, ಗರಿ. ಒತ್ತೊತ್ತಾಗಿ.”

“ಆತ್ರಿ. ನಮಗದು ದಿನಾ ಮಾಡೋ ಕೆಲಸ.”

ಚಪ್ಪರ ಹಾಕುವವನಿಗೆ ಗರಿ ಎಂದರೆ ಯಾವ ಗರಿ ಎಂದು ನಾನು ಯೋಚಿಸಬೇಕಿತ್ತು. ಮರುದಿನ ಹೋಗಿ ನೋಡಿದರೆ, ನನ್ನ ಡೈನೋಸಾರ್ ಕತ್ತಿನಿಂದ ಬಾಲದವರೆಗೆ ಹಸಿ ತೆಂಗಿನ ಗರಿ ಹೊದ್ದು ನಿಂತಿದೆ. ಹೆಣಿಗೆ ಬಹಳ ಚೆನ್ನಾಗಿತ್ತು. ಕೆಳಗೆ ನಾಲ್ಕು ಕುರ್ಚಿ ಹಾಕಿ ಬೀಗರನ್ನು ಎದುರುಗೊಳ್ಳಬಹುದಿತ್ತು.

“ಬಾಳೆಕಂಬ ಎರಡು ಕಟ್ಲೇನ್ರಿ ಸಾರ್?” ಎಂದ ಮಂಜಣ್ಣ, ಮೆಚ್ಚುಗೆಗೆ ಕಾಯುತ್ತ.

“ಅಯ್ಯೋ ಮಾರಾಯ, ಹಕ್ಕಿ ಗರಿ. ಪುಕ್ಕ!”

“ಪುಕ್ಕ ಅಂದ್ರೆ ಪುಕ್ಕ ಅನ್ರಿ. ವಿಜ್ಞಾನದ ಮೇಷ್ಟ್ರು ಗರಿ ಅಂದ್ರೆ ನಾವೇನು ತಿಳ್ಕಳ್ಳಣ?” ಎಂದು ಅವನು ಗರಿ ಬಿಚ್ಚತೊಡಗಿದ. “ಪುಕ್ಕ ನನ್ ಹತ್ರ ಇಲ್ಲ. ನೀವೇ ತಂದ್ಕೊಡ್ರಿ.”

ಪುಕ್ಕ ರಾಶಿಯಾಗಿ ಸಿಗುವುದು ಒಂದೇ ಕಡೆ. ನಮ್ಮದು ವಿಭೂತಿ ಧರಿಸುವ ಮನೆತನ. ಕೋಳಿ ಅಂಗಡಿ ಕಂಡರೆ ಮೂಗು ಮುಚ್ಚಿಕೊಂಡು ರಸ್ತೆ ದಾಟುವ ವಂಶ. ಆದರೆ ಸತ್ಯಕ್ಕಾಗಿ ಜನ ಏನೇನು ತ್ಯಾಗ ಮಾಡಿಲ್ಲ? ಖಾಲಿ ಗೋಣಿಚೀಲ ಹಿಡಿದು ಅಂಥದೊಂದು ಅಂಗಡಿಯ ಮುಂದೆ ನಿಂತೆ.

“ಎಷ್ಟು ಕೆಜಿ ಸಾರ್?”

“ಕೋಳಿ ಬ್ಯಾಡಪ್ಪ. ಬರೀ ಪುಕ್ಕ ಕೊಡು.”

ಅಂಗಡಿಯವನು ನನ್ನ ಹಣೆಯ ವಿಭೂತಿ ನೋಡಿದ. ಚೀಲ ನೋಡಿದ. ದನಿ ತಗ್ಗಿಸಿ ಕೇಳಿದ: “ಮನ್ಯಾಗ ಯಾರಿಗಾದ್ರೂ ಗಾಳಿ-ಗೀಳಿ ಮೆಟ್ಟೈತೇನ್ರಿ? ಮಂತ್ರ ಹಾಕೋರಿಗೆ ಕರೀ ಕೋಳಿದು ಬೇಕಾಗ್ತೈತೆ. ಇವು ಬಿಳೇವು.”

ಮೂಢನಂಬಿಕೆಯ ವಿರುದ್ಧ ಮೂವತ್ತು ವರ್ಷ ಭಾಷಣ ಮಾಡಿದವನ ಸ್ಥಿತಿ ಅದು. ಚೀಲ ತುಂಬಿಸಿಕೊಂಡು ತಿರುಗಿದರೆ, ಪಕ್ಕದ ಮನೆಯ ಹಾಲಸ್ವಾಮಿ ಸ್ಕೂಟರ್ ನಿಧಾನ ಮಾಡಿ, ನನ್ನನ್ನು ನೋಡಿ, ಅಂಗಡಿಯ ಬೋರ್ಡು ನೋಡಿ, ನಮಸ್ಕಾರ ಮಾಡಿ ಹೋದರು. ಅವರ ಮಗನ ಲಗ್ನಪತ್ರಿಕೆಯಲ್ಲಿ ನಾನು ಏಳು ತಪ್ಪು ಹಿಡಿದಿದ್ದೆ.

ಚೀಲವನ್ನು ಮಂಜಣ್ಣನಿಗೆ ಒಪ್ಪಿಸಿ ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು.

“ಅರವತ್ತೆರಡಕ್ಕ ಶುರು ಹಚ್ಕಂಡ್ರೇನು?” ಎಂದಳು ಶಾಂತಾ.

“ಛೆ, ಅದು ವಿಜ್ಞಾನಕ್ಕೆ.”

“ವಿಜ್ಞಾನ ಕೆಜಿಗೆ ಎಷ್ಟೈತಂತೆ?”

ನಾನು ಗರಿಯ ವಿಷಯ ವಿವರಿಸಿದೆ. ಅವಳು ಪೂರ್ತಿ ಕೇಳಿ, ನಿಧಾನವಾಗಿ ಹೇಳಿದಳು: “ನಾಯಿ ಬಾಲ ನೆಟ್ಟಗ ಮಾಡೋರ ಕತೆ ಕೇಳಿದ್ದೆ. ಡೈನೋಸಾರ್ ಬಾಲ ತಿದ್ದೋರನ್ನ ಕಟ್ಕಂಡೀನಿ ಅಂತ ಗೊತ್ತಿರಲಿಲ್ಲ. ಮಗು ಕೇಳಿದ್ದು ಕೊಡ್ರಿ ಅಂದ್ರೆ, ನಿಮಗೆ ಬೇಕಾದ್ದು ಒಯ್ತೀರಿ. ಮತ್ತ ಅಜ್ಜ ಬ್ಯಾಡ ಅಂದ್ಲು ಅಂತ ಮುಖ ಸಣ್ಣ ಮಾಡ್ಕಂಡು ಕೂಡ್ತೀರಿ.”

ಅದು ನಿಜವಾದ್ದರಿಂದ ನಾನು ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದೆ.

ಹುಟ್ಟುಹಬ್ಬದ ದಿನ ಏಪ್ರಿಲ್ ತಿಂಗಳ ಬಿಸಿಲು. ಮಂಜಣ್ಣ ಪುಕ್ಕ ತೊಳೆದು, ಮೈದಾ ಅಂಟಿನಿಂದ ಮೈತುಂಬ ಅಂಟಿಸಿದ್ದ. ಡೈನೋಸಾರನ್ನು ಲಗೇಜ್ ಆಟೋಕ್ಕೆ ಏರಿಸಿ, ಶಾಂತಾಳನ್ನು ಮುಂದೆ ಕೂರಿಸಿ, ನಾನು ಹಿಂದೆ ಅದರ ಕುತ್ತಿಗೆ ತಬ್ಬಿಕೊಂಡು ಹರಿಹರಕ್ಕೆ ಹೊರಟೆ. ದಾರಿ ಮಧ್ಯದ ಬಾತಿ ಊರು ಬರುವಷ್ಟರಲ್ಲಿ ಬಿಸಿಲಿಗೆ ವಾಸನೆ ಎದ್ದಿತು. ವಾಸನೆಗೆ ನಾಯಿಗಳು ಎದ್ದವು. ಐದಾರು ನಾಯಿಗಳು ನಮ್ಮ ಹಿಂದೆ ಮೆರವಣಿಗೆ ಬಂದವು. ಚಹಾ ಅಂಗಡಿಯ ಮುಂದೆ ಆಟೋ ನಿಧಾನವಾದಾಗ ಒಬ್ಬಾತ ಕೂಗಿ ಕೇಳಿದ: “ಸಾರ್, ಹೊಸಾ ಚಿಕನ್ ಸೆಂಟರ್ ಎಲ್ಲಿ ಓಪನ್ ಆಗ್ತೈತಿ?”

ನಾನು ಮುಖ ತಿರುಗಿಸಿಕೊಂಡೆ. ಗಣಪನ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆನೇನೋ ಎಂಬ ಅನುಮಾನ ಮೊದಲ ಬಾರಿ ಬಂದದ್ದು ಅಲ್ಲಿಯೇ.

ಹರಿಹರದ ನಮ್ಮ ಬೀಗತಿ ಗೌರಮ್ಮನವರ ಬಗ್ಗೆ ಎರಡು ಮಾತು ಹೇಳಬೇಕು. ಲಿಂಗಪೂಜೆಯಾಗದೆ ನೀರು ಮುಟ್ಟದವರು. ಅಂದಿನ ಕೇಕಿನಲ್ಲಿ ಮೊಟ್ಟೆ ಇಲ್ಲ ತಾನೇ ಎಂದು ಬೇಕರಿಗೆ ಎರಡು ಸಲ ಫೋನ್ ಮಾಡಿ, ನಂಬದೆ ಮೂರನೇ ಸಲ ಮಗನನ್ನೇ, ಅಂದರೆ ನಮ್ಮ ಅಳಿಯಂದಿರನ್ನೇ, ಕಳಿಸಿದ್ದರಂತೆ. ಅಂಥವರ ಹೊಸ್ತಿಲ ಮುಂದೆ ನಾನು ಎದೆಯೆತ್ತರದ ಕೋಳಿಯನ್ನು ಇಳಿಸಿದೆ.

ಓಣಿಯ ಮಕ್ಕಳೆಲ್ಲ ಓಡಿ ಬಂದರು. ಹೊಸ ಲಂಗ ತೊಟ್ಟ ಸಿರಿ ಎಲ್ಲರಿಗಿಂತ ಮುಂದೆ ಓಡಿ ಬಂದಳು. ನಿಂತಳು. ಸುತ್ತ ಒಂದು ಸುತ್ತು ಬಂದಳು. ಎತ್ತಿದ ಬಾಲ ಅವಳ ತಲೆಗಿಂತ ಮೇಲಿತ್ತು.

“ಜಾರೋ ಬಾಲ ಎಲ್ಲಿ?” ಎಂದಳು. “ಇದು ಕೋಳಿ” ಎಂದಳು, ಮತ್ತು ಅಳತೊಡಗಿದಳು.

ಗೌರಮ್ಮನವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಹತ್ತಿರ ಬಂದರು. “ಏನ್ರಿ ಬೀಗರೇ ಇದು? ಇವು ಖರೇ ಪುಕ್ಕ ಏನು?”

ತಪ್ಪೊಪ್ಪಿಕೊಳ್ಳಲು ಅದು ಸಕಾಲ. ನಾನು ಉಪನ್ಯಾಸ ಶುರುಮಾಡಿದೆ. ಆರಂಭಕಾಲದ ವ್ಯಂಗ್ಯಚಿತ್ರಗಳಲ್ಲಿ ಪ್ರಾಗೈತಿಹಾಸಿಕ ಪ್ರಾಣಿಗಳ ಚಿತ್ರಣದ ದೋಷಗಳು, ಇತ್ಯಾದಿ. “ನನ್ನ ಮಾತು ನಂಬಬ್ಯಾಡ್ರಿ, ವಿಜ್ಞಾನಿಗಳ ಮಾತೇ ಕೇಳ್ರಿ” ಎಂದು ಫೋನ್ ತೆಗೆದು, ಧ್ವನಿ ಪೂರ್ತಿ ಏರಿಸಿ, ಆ ವಿಡಿಯೊ ಹಚ್ಚಿದೆ. ಮೂರು ನಿಮಿಷ ನನ್ನ ಪರವಾಗಿತ್ತು. ನಾಲ್ಕನೆಯ ನಿಮಿಷದಲ್ಲಿ ಆ ಧ್ವನಿ ಹೇಳಿತು: ಗರಿಗಳ ಗುರುತು ಹೆಚ್ಚಾಗಿ ಸಿಕ್ಕಿರುವುದು ಎರಡು ಕಾಲಿನ ಮಾಂಸಾಹಾರಿ ಡೈನೋಸಾರ್‌ಗಳ ಗುಂಪಿನಲ್ಲಿ. ಉದ್ದ ಕುತ್ತಿಗೆಯ ದೊಡ್ಡ ಸಸ್ಯಾಹಾರಿಗಳಿಗೆ ಗರಿ ಇದ್ದುದಕ್ಕೆ ಪುರಾವೆ ಸಿಕ್ಕಿಲ್ಲ.

ನಿಲ್ಲಿಸಲು ಬೆರಳೊತ್ತಿದೆ. ಬೆರಳಿಗೆ ಮೈದಾ ಅಂಟು ಮೆತ್ತಿತ್ತು. ವಿಡಿಯೊ ನಿಲ್ಲುವ ಬದಲು ಹಿಂದಕ್ಕೆ ಜಾರಿ, ಅದನ್ನೇ ಇನ್ನೊಮ್ಮೆ ಹೇಳಿತು.

ಗೌರಮ್ಮನವರು ಬಹಳ ಶಾಂತವಾಗಿ ಕೇಳಿದರು: “ಅಂದ್ರೆ ಇದು ನಮ್ಮಂಗ ಸಸ್ಯಾಹಾರಿ?”

“ಹೂಂ” ಎಂದೆ.

“ಇಂಥಾದ್ದಕ್ಕ ಕೋಳಿ ಪುಕ್ಕ ಹಚ್ಕಂಡು ಬಂದೀರಲ್ರಿ, ಬೀಗರೇ?”

ನನ್ನ ಮೂವತ್ತು ವರ್ಷದ ಸೇವೆಯಲ್ಲಿ ಯಾವ ಶಾಲಾ ಇನ್‌ಸ್ಪೆಕ್ಟರೂ ಇಂಥ ಪ್ರಶ್ನೆ ಕೇಳಿರಲಿಲ್ಲ.

ಆಮೇಲೆ ನಡೆದದ್ದು ಶಿಕ್ಷೆ. ಅಂಗಳದಲ್ಲೇ ಕೂತು ನಾನು, ಶಾಂತಾ, ವೀಣಾ ಮೂವರೂ ಪುಕ್ಕ ಕಿತ್ತೆವು. ಇಡೀ ವಂಶದಲ್ಲಿ ಕೋಳಿ ಮುಟ್ಟದವರು, ಎರಡು ತಾಸು ಪುಕ್ಕ ಕಿತ್ತೆವು! ಅಂಟು ಬಿಡುವಾಗ ಅಲ್ಲಲ್ಲಿ ಥರ್ಮೊಕೋಲೂ ಕಿತ್ತು ಬಂದು ಮೈಯೆಲ್ಲ ಗುಳಿ ಬಿತ್ತು. ಗೌರಮ್ಮನವರು ಅರಿಶಿನದ ನೀರು ಚಿಮುಕಿಸಿ, ಸಾಲದೆಂದು ಅದರ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಡೈನೋಸಾರ್ ನಮ್ಮ ಬಳಗಕ್ಕೆ ಸೇರಿತು. ಅಳಿಯಂದಿರು ಇನ್ನಿಬ್ಬರ ನೆರವಿನಿಂದ ಅದನ್ನು ಬಾಗಿಲೊಳಗೆ ತೂರಿಸಹೋದಾಗ ಎತ್ತಿದ ಬಾಲ ಬಾಗಿಲ ಚೌಕಟ್ಟಿಗೆ ಬಡಿದು, ಸರಳು ಜಾರಿ ಹೊರಬಂತು. ಬಾಲ ದೊಪ್ಪೆಂದು ನೆಲಕ್ಕೆ ಬಿದ್ದು, ಉದ್ದಕ್ಕೆ ಮಲಗಿತು.

ಅಳು ನಿಂತಿತು.

“ಅದೇ!” ಎಂದಳು ಸಿರಿ. ಓಡಿ ಹೋಗಿ ತನ್ನ ಗೊಂಬೆಯನ್ನು ಬೆನ್ನ ಮೇಲೆ ಕೂರಿಸಿ ಬಾಲದ ಮೇಲಿಂದ ಜಾರಿಸಿದಳು. ಓಣಿಯ ಮಕ್ಕಳೆಲ್ಲ ತಮ್ಮ ತಮ್ಮ ಗೊಂಬೆ, ಕಾರು, ಕೊನೆಗೆ ಚಪ್ಪಲಿಯನ್ನೂ ತಂದು ಜಾರಿಸಿದರು. ಚಪ್ಪಾಳೆಯೋ ಚಪ್ಪಾಳೆ. ನಾನು ಏನೇನು ತಿದ್ದಿದ್ದೆನೋ ಅದಷ್ಟೂ ಬಿದ್ದುಹೋದ ಮೇಲೆ ಅದು ಸರಿಯಾಗಿತ್ತು.

ನಾನು ಅಭ್ಯಾಸಬಲದಿಂದ ಬಾಗಿಲ ಹತ್ತಿರದ ಕುರ್ಚಿ ಹುಡುಕಿ ಕೂತೆ. ಸ್ವಲ್ಪ ಹೊತ್ತಿಗೆ ಸಿರಿ ಬಂದು ನನ್ನ ಬೆರಳು ಹಿಡಿದೆಳೆದಳು. ಡೈನೋಸಾರಿನ ಪಕ್ಕ ಕೂರಿಸಿ, ಕೈಗೆ ಒಂದು ಗೊಂಬೆ ಕೊಟ್ಟಳು. ಗೊಂಬೆ ಮನುಷ್ಯಾಕೃತಿಯದು. ಆರು ಕೋಟಿ ವರ್ಷ ಎಂಬ ಮಾತು ಗಂಟಲವರೆಗೆ ಬಂತು. ನುಂಗಿಕೊಂಡೆ. ಜಾರಿಸಿದೆ.

ಸಿರಿ ಗೆಳತಿಯರಿಗೆ ನನ್ನನ್ನು ಪರಿಚಯಿಸಿದಳು: “ಇವ್ರು ನಮ್ಮಜ್ಜ. ಅಜ್ಜಗ ಡೈನೋಸಾರ್ ಗೊತ್ತಿಲ್ಲ. ಆದ್ರೂ ತಂದಾರ.”

ಗೊತ್ತಿಲ್ಲ ಎಂಬುದನ್ನಾದರೂ ತಿದ್ದೋಣವೆಂದು ಜೇಬಿಗೆ ಕೈ ಹಾಕಿದೆ. ಕೆಂಪು ಪೆನ್ನು ಎಲ್ಲೋ ಬಿದ್ದುಹೋಗಿತ್ತು. ಕೈಗೆ ಬಂದದ್ದು ಒಂದು ಬಿಳಿ ಪುಕ್ಕ.